ಏಳಲು ಬಿಡದ ಸೋಫಾ

ಸೋಫಾ ಕೊಳ್ಳಲು ಹೋದವರೆಲ್ಲ ಅಂಗಡಿಯಲ್ಲಿ ಮಾಡುವುದು ಒಂದೇ ಪರೀಕ್ಷೆ, ಕೂತು ನೋಡುವುದು. ಕೂತ ತಕ್ಷಣ ಮೆತ್ತೆ ಒಳಕ್ಕೆ ಇಳಿಯಬೇಕು, ಬೆನ್ನು ಹಿಂದಕ್ಕೆ ವಾಲಬೇಕು. ಮನೆಯಾಕೆ ಒಮ್ಮೆ ಕೂರುತ್ತಾರೆ, ಮಕ್ಕಳು ಎರಡು ಸಲ ಕುಣಿಯುತ್ತಾರೆ. 'ಎಷ್ಟು ಸಾಫ್ಟಾಗಿದೆ ನೋಡ್ರೀ' ಎಂಬ ಮಾತು ಬಂತೆಂದರೆ ಅಂಗಡಿಯವನು ಬಿಲ್ಲಿನ ಪುಸ್ತಕಕ್ಕೆ ಕೈ ಹಾಕುತ್ತಾನೆ. ಏಳುವ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಏಳುತ್ತೇವೆ, ನಿಜ, ದುಡ್ಡು ಕಟ್ಟಬೇಕಲ್ಲ. ಆದರೆ ಏಳುವಾಗ ಮಂಡಿ ಏನು ಹೇಳಿತು, ಕೈಯನ್ನು ಎಲ್ಲಿ ಊರಬೇಕಾಯಿತು ಎಂದು ಗಮನಿಸುವ ವ್ಯವಧಾನ ಆಗ ಇರುವುದಿಲ್ಲ.

ನನ್ನ ಮಟ್ಟಿಗೆ ಸೋಫಾಕ್ಕೆ ಇರುವುದು ಅದೊಂದೇ ಪರೀಕ್ಷೆ. ಕೂರುವುದು ಯಾರಿಗೂ ಕಷ್ಟವಲ್ಲ, ಭೂಮಿಯೇ ಎಳೆದುಕೊಳ್ಳುತ್ತದೆ. ಏಳುವಾಗ ನಮ್ಮ ಭಾರವನ್ನು ಪಾದದ ಮೇಲಕ್ಕೆ ತಂದುಕೊಳ್ಳಬೇಕು. ಅದಕ್ಕಾಗಿ ಮುಂದಕ್ಕೆ ಬಾಗಬೇಕು, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಸೊಂಟ ಮಂಡಿಗಿಂತ ಕೆಳಗೆ ಹೋಗಿ ಕೂತಿದ್ದರೆ ಇವೆರಡೂ ಆಗುವುದಿಲ್ಲ. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ 17-18 ಇಂಚು ಎತ್ತರವಿರುತ್ತದೆ. ಅದರಿಂದ ಎಂಬತ್ತರ ಅಜ್ಜಿಯೂ ತಾನಾಗಿ ಏಳುತ್ತಾಳೆ. ಅದೇ ಅಜ್ಜಿಯನ್ನು ಕುಸಿದ ಸೋಫಾದಲ್ಲಿ ಕೂರಿಸಿ. ಮೂರು ನಾಲ್ಕು ಇಂಚು ತಗ್ಗಿಗೆ ಇಳಿದ ಆಕೆ, 'ಸ್ವಲ್ಪ ಕೈ ಕೊಡಪ್ಪ' ಅನ್ನುತ್ತಾಳೆ. ಮನೆಯವರು ಅಜ್ಜಿಗೆ ಕಾಲು ಬಿತ್ತು ಅಂದುಕೊಳ್ಳುತ್ತಾರೆ. ಬಿದ್ದದ್ದು ಸೋಫಾ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಸೋಫಾ ಬರಿಯ ಆಸನವಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದು ಅದರ ಮೇಲೆ, ಮಧ್ಯಾಹ್ನ ಮಲಗುವುದು ಅದರ ಮೇಲೆ, ನೆಂಟರು ಹೆಚ್ಚಾದ ರಾತ್ರಿ ಒಬ್ಬರ ಹಾಸಿಗೆಯೂ ಅದೇ. ಕಾಲು ಮಡಿಸಿ ಕೂತಾಗ ಮೈಭಾರವಷ್ಟೂ ಮೆತ್ತೆಯ ನಟ್ಟನಡುವಿನ ಒಂದು ಅಡಿ ಜಾಗಕ್ಕೆ ಬೀಳುತ್ತದೆ. ಕಾಲು ನೆಲಕ್ಕೆ ಊರಿದ್ದರೆ ಅದರಲ್ಲೊಂದು ಪಾಲು ನೆಲಕ್ಕೆ ಹೋಗುತ್ತಿತ್ತು. ಸಾಲದ್ದಕ್ಕೆ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಜಾಗ ಗೊತ್ತಾಗಿರುತ್ತದೆ. ಟಿ.ವಿ.ಗೆ ನೇರವಾದ ಮೂಲೆ ಯಜಮಾನರದು, ಅಲ್ಲಿ ಇನ್ನೊಬ್ಬರು ಕೂರುವ ಹಾಗಿಲ್ಲ. ಆದ್ದರಿಂದ ಮೂರು ಸೀಟಿನ ಸೋಫಾದಲ್ಲಿ ಒಂದು ಸೀಟು ಹಳ್ಳ ಬಿದ್ದಿರುತ್ತದೆ, ಇನ್ನೊಂದು ಅಂಗಡಿಯಿಂದ ಬಂದ ದಿನದಂತೆಯೇ ಇರುತ್ತದೆ.

ಸರಿ, ಕುಸಿದಿದೆ. ಏನು ಮಾಡುವುದು? ಹೆಚ್ಚಿನವರು ಮಾಡುವುದು ಎರಡೇ. ಒಂದು, ಮೇಲೊಂದು ದಿಂಬು ಹಾಕಿ ಸುಮ್ಮನಾಗುವುದು. ಇನ್ನೊಂದು, ಫೋನು ಮಾಡಿ ಕುಶನ್ ಕೆಲಸದವನನ್ನು ಕರೆದು 'ಸ್ಪಂಜು ಬದಲಾಯಿಸಿ' ಅನ್ನುವುದು. ಸ್ಪಂಜು ಬದಲಾಗುತ್ತದೆ, ದುಡ್ಡೂ ಹೋಗುತ್ತದೆ, ಹಲವು ಸಲ ಒಂದು ವರ್ಷದೊಳಗೆ ಹಳ್ಳ ಮತ್ತೆ ಬೀಳುತ್ತದೆ. ಕಾರಣ ಸರಳ. ಹಳ್ಳ ಕಾಣಿಸುವುದು ಮೇಲೆ, ಆದದ್ದು ಕೆಳಗೆ. ಮೆತ್ತೆಯ ಕೆಳಗಿನ ಪಟ್ಟಿ ಜೋತಿದ್ದರೆ ಮೇಲೆ ಎಂಥ ಸ್ಪಂಜು ಹಾಕಿದರೂ ಅದು ಪಟ್ಟಿಯ ಆಕಾರಕ್ಕೇ ಬಗ್ಗುತ್ತದೆ. ಹಾಗಾಗಿ ಇವತ್ತು ನಾನು ಹೇಳುವ ಕೆಲಸಗಳೆಲ್ಲ ಬುಡದಿಂದ ಶುರುವಾಗಿ ಮೇಲಕ್ಕೆ ಹೋಗುತ್ತವೆ.

ಮೊದಲು ಮೆತ್ತೆಗಳನ್ನೆಲ್ಲ ತೆಗೆದು ಪಕ್ಕಕ್ಕಿಡಿ. ಬರಿಯ ತಳದ ಮೇಲೆ ಅಂಗೈ ಊರಿ ಒತ್ತಿ ನೋಡಿ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಒಂದು ನೇರ ಕೋಲನ್ನೋ ಬಿಗಿಯಾಗಿ ಹಿಡಿದ ದಾರವನ್ನೋ ಇಟ್ಟು, ನಡುವೆ ಎಷ್ಟು ತಗ್ಗಿದೆ ಎಂದು ಅಳೆಯಿರಿ. ಒಂದೂವರೆ ಇಂಚು, ಎರಡು ಇಂಚು ತಗ್ಗಿದ್ದರೆ ರೋಗ ತಳದ್ದು. ತಳ ಸಪಾಟಾಗಿ ಬಿಗಿಯಾಗಿದ್ದು ಮೆತ್ತೆಯೇ ನಡುವೆ ತೆಳ್ಳಗಾಗಿದ್ದರೆ ರೋಗ ಸ್ಪಂಜಿನದು. ಮೆತ್ತೆಯನ್ನು ನೆಲದ ಮೇಲಿಟ್ಟು ನಡುವೆ ಮುಷ್ಟಿಯಿಂದ ಒತ್ತಿದಾಗ ನೆಲ ಕೈಗೆ ತಾಕಿತೋ, ಆ ಸ್ಪಂಜಿನ ಆಯುಸ್ಸು ಮುಗಿಯಿತು. ಎರಡೂ ಸರಿಯಿದ್ದು ಸೋಫಾ ಅಲ್ಲಾಡುತ್ತಿದ್ದರೆ, ಕೂತಾಗ ಕಿರ್ರೆನ್ನುತ್ತಿದ್ದರೆ ಚೌಕಟ್ಟನ್ನು ನೋಡಬೇಕು.

ಆಮೇಲೆ ಇಬ್ಬರು ಸೇರಿ ಸೋಫಾವನ್ನು ಮುಂದಕ್ಕೆ ಮಗುಚಿ, ಹಿಂಬದಿ ಮೇಲೆ ಬರುವ ಹಾಗೆ ಹಾಕಿ. ತಳಕ್ಕೆ ತೆಳುವಾದ ಕಪ್ಪು ಬಟ್ಟೆ ಹೊಡೆದಿರುತ್ತಾರೆ. ಅದರ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೂರು ಬದಿಯಲ್ಲಿ ಎಬ್ಬಿಸಿದರೆ ಸಾಕು. ಸೋಫಾ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಕೈ ಹಾಕುವ ಮುಂಚೆ ಚೀಟಿ ಓದಿಕೊಳ್ಳಿ, ಬಟ್ಟೆ ಬಿಚ್ಚಿದರೆ ಕೆಲವು ಕಂಪನಿಗಳು ಜವಾಬ್ದಾರಿಯಿಂದ ಜಾರಿಕೊಳ್ಳುತ್ತವೆ. ಒಳಗೆ ಏನೇನು ಸಿಗುತ್ತದೆ ಎಂಬುದು ಬೇರೆಯದೇ ಭಾಷಣ. ಪೆನ್ನು, ಚಿಲ್ಲರೆ, ಹೇರ್‌ಪಿನ್ನು, ಕಳೆದುಹೋಯಿತೆಂದು ಹೊಸದು ತಂದ ರಿಮೋಟಿನ ಹಳೆಯ ಜೋಡಿ. ಹಳ್ಳಿಮನೆಯಾದರೆ ಇಲಿ ಕಟ್ಟಿದ ಗೂಡೂ ಇರಬಹುದು, ಆದ್ದರಿಂದ ಕೈ ಹಾಕುವ ಮುಂಚೆ ಟಾರ್ಚು ಹಾಕಿ ನೋಡುವುದು ಒಳ್ಳೆಯದು.

ಚೌಕಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಮೂರು ಸೀಟಿನ ಸೋಫಾದ ನಡುವೆ ಒಂದು ಕಾಲು ಇರುತ್ತದೆ ಅಥವಾ ಇರಬೇಕಿತ್ತು. ಮನೆ ಬದಲಾಯಿಸುವಾಗ ಅದು ಮುರಿದಿರುತ್ತದೆ, ಇಲ್ಲವೇ ನೆಲದ ಏರುಪೇರಿನಿಂದ ನೆಲಕ್ಕೆ ತಾಗದೆ ತೂಗುತ್ತಿರುತ್ತದೆ. ಆಗ ಆರು ಅಡಿ ಉದ್ದದ ಮುಂದಿನ ಮರ ಎರಡು ತುದಿಗಳ ಮೇಲೆ ನಿಂತು ನಡುವೆ ಬಗ್ಗುತ್ತದೆ. ಅಲ್ಲಿಗೆ ಸರಿಯಾದ ಅಳತೆಯ ಮರದ ತುಂಡೊಂದನ್ನು ಸೇರಿಸಿದರೆ ಅರ್ಧ ಕುಸಿತ ಅಲ್ಲೇ ನಿಂತುಹೋಗುವ ಸೋಫಾಗಳಿವೆ. ಮೂಲೆಗಳು ಸಡಿಲವಾಗಿದ್ದರೆ ಕಬ್ಬಿಣದ ಎಲ್ ಆಂಗಲ್ಲು, ಸ್ಕ್ರೂ. ಮೊಳೆ ಬೇಡ, ಅಲ್ಲಾಡುವ ಜಾಗದಲ್ಲಿ ಹೊಡೆದ ಮೊಳೆ ತೂತನ್ನು ದೊಡ್ಡದು ಮಾಡಿಕೊಂಡು ಹೊರಗೆ ಬರುತ್ತದೆ. ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಇನ್ನು ಚೌಕಟ್ಟಿನ ಮೇಲೆ ಮೆತ್ತೆಯನ್ನು ಹೊರುವ ತಳ. ಇದು ಮೂರು ಬಗೆ. ಹಳೆಯ ಸಾಗುವಾನಿ ಸೋಫಾ ಸೆಟ್ಟುಗಳಲ್ಲಿ ಮರದ ರೀಪುಗಳಿರುತ್ತವೆ. ಇವು ಕುಸಿಯುವುದಿಲ್ಲ, ಒಂದು ಮುರಿದರೆ ಇನ್ನೊಂದು ಹಾಕಬಹುದು. ಕೆಲವದರಲ್ಲಿ ಹಾವಿನ ಹಾಗೆ ಬಳುಕಿರುವ ಜಿಗ್‌ಜಾಗ್ ಸ್ಪ್ರಿಂಗು ಇರುತ್ತದೆ. ಇದು ತಾನಾಗಿ ಜೋಲುವುದು ಕಡಿಮೆ. ಸಾಮಾನ್ಯವಾಗಿ ತುದಿಯ ಕ್ಲಿಪ್ಪು ಕಿತ್ತುಬಂದು ಒಂದು ಸ್ಪ್ರಿಂಗು ಸಡಿಲವಾಗಿ ತೂಗುತ್ತಿರುತ್ತದೆ. ಕ್ಲಿಪ್ಪಿನ ಹಳೆಯ ತೂತಿನ ಪಕ್ಕದಲ್ಲಿ, ಗಟ್ಟಿ ಮರಕ್ಕೆ, ಹೊಸ ಸ್ಕ್ರೂ ಹಾಕಿ, ಸ್ಪ್ರಿಂಗಿನ ತುದಿಯನ್ನು ಇಕ್ಕಳದಿಂದ ಎಳೆದು ಸಿಕ್ಕಿಸಬೇಕು. ಎಳೆದಿಟ್ಟ ಸ್ಪ್ರಿಂಗು ಕೈತಪ್ಪಿದರೆ ಮುಖಕ್ಕೇ ಬರುತ್ತದೆ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ಆಮೇಲೆ ಪಕ್ಕಪಕ್ಕದ ಸ್ಪ್ರಿಂಗುಗಳನ್ನು ಗಟ್ಟಿ ನೈಲಾನ್ ದಾರದಿಂದ ಅಡ್ಡಡ್ಡ ಕಟ್ಟಿದರೆ ಒಂದರ ಭಾರ ಇನ್ನೊಂದಕ್ಕೂ ಹಂಚಿಹೋಗುತ್ತದೆ. ಕರಾವಳಿಯವರು ತುಕ್ಕು ನೋಡಿಕೊಳ್ಳಿ.

ಮೂರನೆಯದು ಈಗ ಹೆಚ್ಚು ಬಳಕೆಯಲ್ಲಿರುವ ಎಲಾಸ್ಟಿಕ್ ಬೆಲ್ಟು. ಎರಡು ಮೂರು ಇಂಚು ಅಗಲದ ಪಟ್ಟಿಗಳು, ರಬ್ಬರಿನ ಎಳೆ ಸೇರಿಸಿ ನೇಯ್ದವು. ರಬ್ಬರು ಕಾಲಕ್ರಮದಲ್ಲಿ ಸೊರಗುತ್ತದೆ, ಎಳೆದರೆ ವಾಪಸ್ಸು ಬರುವ ಗುಣ ಕಳೆದುಕೊಳ್ಳುತ್ತದೆ. ಅಗ್ಗದ ಸೋಫಾದಲ್ಲಿ ಈ ಪಟ್ಟಿಗಳನ್ನು ಒಂದೇ ದಿಕ್ಕಿಗೆ, ನಡುವೆ ಒಂದೊಂದು ಗೇಣು ಬಿಟ್ಟು ಹೊಡೆದಿರುತ್ತಾರೆ. ಮೇಲೆ ಬಟ್ಟೆ ಮುಚ್ಚಿದ ಮೇಲೆ ನೋಡುವವರು ಯಾರು? ನನ್ನ ಅಂದಾಜು ಹೇಳುವುದಾದರೆ, ಮನೆಯಲ್ಲಿ ಕುಸಿದ ಸೋಫಾಗಳಲ್ಲಿ ಬಹುಪಾಲಿನ ಗುಟ್ಟು ಈ ಜಿಪುಣತನದಲ್ಲಿದೆ.

ಜೋತದ್ದನ್ನು ಬಿಗಿ ಮಾಡುವ ವಿದ್ಯೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹೊರಸನ್ನು ನೆನಪಿಸಿಕೊಳ್ಳಿ. ಹಗ್ಗದ ಹೆಣಿಗೆಯನ್ನು ಕಾಲ ಕಡೆಯ ಅಡ್ಡಮರದ ತನಕ ಒಯ್ಯುವುದಿಲ್ಲ. ಅಲ್ಲಿ ಒಂದಷ್ಟು ಜಾಗ ಬಿಟ್ಟು ಬೇರೆಯೇ ಒಂದು ಹಗ್ಗವನ್ನು ಹೆಣಿಗೆಗೂ ಮರಕ್ಕೂ ಸುತ್ತಿ ಕಟ್ಟಿರುತ್ತಾರೆ. ನಡು ಜೋತಿತು ಅನ್ನಿಸಿದಾಗ ಆ ಹಗ್ಗ ಬಿಚ್ಚಿ, ಕಾಲು ಕೊಟ್ಟು ಎಳೆದು, ಮತ್ತೆ ಕಟ್ಟಿದರೆ ಇಡೀ ಹೊರಸು ಬಿಗಿಯಾಗುತ್ತದೆ. ಹಗ್ಗ ಜೋಲುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವಸ್ತು ಅದು. ನವಾರದ ಮಂಚಕ್ಕೂ ಅದೇ ಲೆಕ್ಕ. ಹಳೆಯ ಕಚೇರಿಗಳ ಬೆತ್ತದ ಕುರ್ಚಿಗೆ ಇನ್ನೊಂದು ಉಪಾಯವಿತ್ತು: ಕುರ್ಚಿಯನ್ನು ತಲೆಕೆಳಗು ಮಾಡಿ, ಬೆತ್ತದ ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಹಾಕಿ ನೆನೆಸಿ, ಒಣಗಲು ಬಿಡುವುದು. ನೀರು ಕುಡಿದು ಹಿಗ್ಗಿದ ಬೆತ್ತ ಒಣಗುವಾಗ ಕುಗ್ಗಿ ತಮಟೆಯಷ್ಟು ಬಿಗಿಯಾಗುತ್ತದೆ. ಮನೆಯಲ್ಲಿ ಅಂಥ ಕುರ್ಚಿ ಉಳಿದಿದ್ದರೆ, ಬೆತ್ತ ಹರಿದಿಲ್ಲದಿದ್ದರೆ, ಇವತ್ತಿಗೂ ಮಾಡಿ ನೋಡಬಹುದು. ಈ ಕಾಲದ ಸೋಫಾದಲ್ಲಿ ಬಿಗಿ ಮಾಡಲು ಹಗ್ಗವನ್ನೂ ಬಿಟ್ಟಿಲ್ಲ, ಬಿಚ್ಚಲು ಗಂಟನ್ನೂ ಬಿಟ್ಟಿಲ್ಲ.

ಆದರೂ ಬೆಲ್ಟು ಬದಲಾಯಿಸುವುದು ಮನೆಯಲ್ಲಿ ಆಗುವ ಕೆಲಸವೇ. ಬೆಲ್ಟಿನ ಸುರುಳಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಊರಲ್ಲಿ ಕುಶನ್ ವರ್ಕ್ಸ್ ಎಂಬ ಬೋರ್ಡು ಹುಡುಕಿ. ಅದಿಲ್ಲದಿದ್ದರೆ ಆಟೋ ಮತ್ತು ಬೈಕಿನ ಸೀಟು ಹೊಲಿಯುವವರನ್ನು ವಿಚಾರಿಸಿ, ಅವರು ಇಲ್ಲದ ತಾಲ್ಲೂಕು ಕೇಂದ್ರವಿಲ್ಲ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಕಾರು ಸೀಟಿನ ಅಂಗಡಿಗಳಿವೆ. ಹಳೆಯ ಬೆಲ್ಟನ್ನು ಕಿತ್ತೆಸೆಯಬೇಕೆಂದೂ ಇಲ್ಲ, ಅದರ ಮೇಲೇ ಹೊಸದನ್ನು ಹೊಡೆಯಬಹುದು. ಎಲಾಸ್ಟಿಕ್ಕನ್ನು ಸುಮ್ಮನೆ ಅಳತೆಗೆ ಕತ್ತರಿಸಿ ಹೊಡೆದರೆ ಪ್ರಯೋಜನವಿಲ್ಲ, ಎಳೆದೇ ಹೊಡೆಯಬೇಕು. ಮರದಿಂದ ಮರಕ್ಕೆ 20 ಇಂಚು ಅಂತರವಿದ್ದರೆ ಬೆಲ್ಟಿನ ಮೇಲೆ ಸುಮಾರು 18 ಇಂಚಿಗೆ ಗುರುತು ಹಾಕಿ, ಆ ಗುರುತು ಆಚೆಯ ಮರಕ್ಕೆ ಬರುವಷ್ಟು ಎಳೆಯಿರಿ. ತುದಿಯನ್ನು ಒಂದು ಇಂಚು ಮಡಿಸಿ, ಎರಡು ಪದರದ ಮೇಲೆ ನಾಲ್ಕೈದು ಗುಂಡುತಲೆಯ ಸಣ್ಣ ಮೊಳೆ ಹೊಡೆಯಿರಿ. ಎಳೆತದ ಭಾರ ಪಕ್ಕಕ್ಕೆ ಬೀಳುವುದರಿಂದ ಇಲ್ಲಿ ಮೊಳೆ ಸಾಕು. ಮೊದಲು ಹಿಂದಿನಿಂದ ಮುಂದಕ್ಕೆ ಎಲ್ಲ ಪಟ್ಟಿಗಳು, ಅವುಗಳ ನಡುವೆ ಎರಡು ಇಂಚಿಗಿಂತ ಹೆಚ್ಚು ಜಾಗ ಬಿಡದೆ. ಆಮೇಲೆ ಎಡದಿಂದ ಬಲಕ್ಕೆ, ಒಂದರ ಮೇಲೆ ಒಂದರ ಕೆಳಗೆ ತೂರಿಸುತ್ತ, ಚಾಪೆ ಹೆಣೆದ ಹಾಗೆ. ಹೆಣಿಗೆ ಆದಮೇಲೆ ಒಂದು ಪಟ್ಟಿ ಒಬ್ಬಂಟಿಯಾಗಿ ಜೋಲಲಾರದು, ಪಕ್ಕದವು ಹಿಡಿದುಕೊಳ್ಳುತ್ತವೆ. ಕೈಗೆ ಬೊಬ್ಬೆ ಬರಬಹುದು. ಒಂದು ಭಾನುವಾರದ ಕೆಲಸ.

ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಎಲ್ಲರೂ ಹೇಳುವ ಸುಲಭದ ಉಪಾಯ ಒಂದಿದೆ, ಮೆತ್ತೆಯ ಕೆಳಗೆ ಪ್ಲೈವುಡ್ ಹಲಗೆ ಇಡುವುದು. ಕೆಟ್ಟ ಉಪಾಯವೇನಲ್ಲ. 12 ಮಿಲಿಮೀಟರ್ ದಪ್ಪದ್ದು ಸಾಕು. ಅದಕ್ಕಿಂತ ತೆಳುವಾದದ್ದು ಬಗ್ಗುತ್ತದೆ. ಸೋಫಾದ ಒಳ ಅಳತೆಗಿಂತ ಅರ್ಧ ಇಂಚು ಕಡಿಮೆ ಮಾಡಿ ಅಂಗಡಿಯಲ್ಲೇ ಕೊಯ್ಯಿಸಿಕೊಳ್ಳಿ, ಮೂಲೆಗಳನ್ನು ಗುಂಡಗೆ ಮಾಡಿ ಮರಳುಕಾಗದ ಉಜ್ಜಿ, ಹಳೆಯ ಹತ್ತಿ ಸೀರೆಯೋ ಬೆಡ್‌ಶೀಟೋ ಸುತ್ತಿ. ಹಲಗೆ ಚೌಕಟ್ಟಿನ ಮರದ ಮೇಲೆ ಕೂರಬೇಕು. ಜೋತ ಪಟ್ಟಿಯ ಮೇಲೆ ತೇಲುತ್ತಿದ್ದರೆ ಅದೂ ಅದರ ಜೊತೆ ಕೆಳಗೆ ಹೋಗುತ್ತದೆ. ಮಳೆಗಾಲದಲ್ಲಿ ಗೋಡೆಗೂ ಬೂಷ್ಟು ಹಿಡಿಯುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಲಗೆಯಲ್ಲಿ ಅಲ್ಲಲ್ಲಿ ಒಂದು ಇಂಚಿನ ತೂತು ಕೊರೆಸಿ. ಇಲ್ಲದಿದ್ದರೆ ಮೆತ್ತೆಗೂ ಹಲಗೆಗೂ ನಡುವೆ ತೇವ ನಿಂತು ಮುಗ್ಗುಲು ವಾಸನೆ ಬರುತ್ತದೆ. ಹಲಗೆಯ ಬದಲು ರೀಪುಗಳನ್ನು ಸಾಲಾಗಿ ಜೋಡಿಸಿದರೆ ಇನ್ನೂ ಒಳ್ಳೆಯದು.

ಆದರೆ ಹಲಗೆಯಿಂದ ಉಪಕಾರವಾಗುವುದು ತಳ ಕೆಟ್ಟಿದ್ದು ಸ್ಪಂಜು ಚೆನ್ನಾಗಿರುವ ಸೋಫಾಕ್ಕೆ ಮಾತ್ರ. ಸ್ಪಂಜು ಸತ್ತಿರುವ ಮೆತ್ತೆಯ ಕೆಳಗೆ ಹಲಗೆ ಇಟ್ಟರೆ ನೀವು ಕೂರುವುದು ಹಲಗೆಯ ಮೇಲೆ. ಅರ್ಧ ಗಂಟೆಯಲ್ಲಿ ಬಾಲದೆಲುಬು ಅದನ್ನು ಹೇಳುತ್ತದೆ. ಹಾಗೆಯೇ ಸ್ಪಂಜು ಬದಲಾಯಿಸುವುದು ತಳ ಗಟ್ಟಿಯಿರುವ ಸೋಫಾಕ್ಕೆ ಮಾತ್ರ ಮದ್ದು. ಯಾವುದು ಯಾವುದಕ್ಕೆ ಎಂದು ಗೊತ್ತಾಗಲೆಂದೇ ಮೊದಲು ಕೋಲು ಇಟ್ಟು ಅಳೆಯಲು ಹೇಳಿದ್ದು.

ಈಗ ಸ್ಪಂಜಿನ ಕಡೆ ಬರೋಣ. ನಾವು ಸ್ಪಂಜು ಅನ್ನುವುದು, ಅಂಗಡಿಯವರು ಫೋಮು ಅನ್ನುವುದು, ಪಾಲಿಯುರೆಥೇನ್ ಎಂಬ ವಸ್ತು. ಇದರ ರಸಾಯನವನ್ನು ಜರ್ಮನಿಯ ಲೆವರ್‌ಕೂಸನ್‌ನಲ್ಲಿ 1937ರಲ್ಲಿ ಕಂಡುಹಿಡಿದವರು ಆಟೋ ಬೇಯರ್. ಆಸ್ಪಿರಿನ್ ಮಾತ್ರೆಯ ಬೇಯರ್ ಕಂಪನಿಯನ್ನು ಕಟ್ಟಿದ ಮನೆತನಕ್ಕೂ ಇವರಿಗೂ ಸಂಬಂಧವಿಲ್ಲ, ಹೆಸರಷ್ಟೇ ಒಂದು. ಕೂರುವ ಮೆತ್ತೆಗೆ ಒಗ್ಗುವ ಮಿದು ಫೋಮು ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಅದಕ್ಕೂ ಮುಂಚೆ ನಮ್ಮಲ್ಲಿ ಮೆತ್ತೆ ಎಂದರೆ ಹತ್ತಿ, ಬೂರುಗದ ಹತ್ತಿ, ತೆಂಗಿನ ನಾರು. ಹತ್ತಿ ಗಂಟುಕಟ್ಟಿ ಗಟ್ಟಿಯಾದಾಗ ಬಿಲ್ಲು ಹಿಡಿದ ಪಿಂಜಾರರು ಬೀದಿಗೆ ಬಂದು, ಅದೇ ಹತ್ತಿಯನ್ನು ಹಿಂಜಿ, ಹಾಸಿಗೆಯನ್ನು ಮತ್ತೆ ಹೊಸದು ಮಾಡಿಕೊಡುತ್ತಿದ್ದರು. ಫೋಮಿಗೆ ಆ ಮರುಜನ್ಮ ಇಲ್ಲ. ಅದು ಗಾಳಿ ತುಂಬಿದ ಲಕ್ಷಾಂತರ ಸಣ್ಣ ಗೂಡುಗಳ ಹೆಣಿಗೆ. ಕೂತಾಗ ಗೂಡು ಮಡಚುತ್ತದೆ, ಎದ್ದಾಗ ಬಿಡಿಸಿಕೊಳ್ಳುತ್ತದೆ. ಸಾವಿರಾರು ಸಲ ಮಡಚಿ ಬಿಡಿಸಿದ ಮೇಲೆ, ಮೈಯ ಶಾಖ ಬೆವರುಗಳ ತೇವದ ಜೊತೆಗೆ, ಗೂಡಿನ ಎಳೆಗಳು ಮುರಿಯುತ್ತವೆ. ಮುರಿದದ್ದು ಮತ್ತೆ ಕೂಡುವುದಿಲ್ಲ.

ಇಲ್ಲಿ ನಮ್ಮ ಹಳೆಯ ಅಭ್ಯಾಸವೊಂದು ತಿರುಗಿ ಹೊಡೆಯುತ್ತದೆ. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಒಳ್ಳೆಯದು. ತೇವ ಆರುತ್ತದೆ, ಹತ್ತಿ ಅರಳುತ್ತದೆ, ತಿಗಣೆಗೂ ಕಷ್ಟ. ಅದೇ ಪ್ರೀತಿಯಿಂದ ಸೋಫಾದ ಸ್ಪಂಜನ್ನು ಕವರು ತೆಗೆದು ಮಹಡಿಯ ಮೇಲೆ ಬಿಸಿಲಿಗೆ ಹಾಕುತ್ತಾರೆ. ಫೋಮಿಗೆ ಬಿಸಿಲು ಶತ್ರು. ಬೆಳಕು ಬಿದ್ದಂತೆ ಹಳದಿಯಾಗುತ್ತದೆ, ಆಮೇಲೆ ಕಂದು, ಕೊನೆಗೆ ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಒಣಗಿಸಲೇಬೇಕಿದ್ದರೆ ನೆರಳಲ್ಲಿ, ಗಾಳಿಯಾಡುವ ಕಡೆ.

ಹೊಸ ಫೋಮು ತರಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, 'ಯಾವ ಡೆನ್ಸಿಟಿ ಬೇಕು ಸಾರ್? 23, 28, 32, 40?' ಈ ಸಂಖ್ಯೆ ಏನೆಂದು ಕೇಳಿದರೆ, ಜಾಸ್ತಿ ಇದ್ದಷ್ಟೂ ಗಟ್ಟಿ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. 40 ಡೆನ್ಸಿಟಿಯದರಲ್ಲಿ ಸಾಮಾನು ಹೆಚ್ಚು, ಗಾಳಿ ಕಡಿಮೆ, ಆದ್ದರಿಂದ ಬಾಳಿಕೆ ಹೆಚ್ಚು. ಕೂತಾಗ ಎಷ್ಟು ಒತ್ತಿ ಹಿಡಿಯುತ್ತದೆ ಎಂಬ ಗಡಸುತನ ಬೇರೆಯೇ ಗುಣ. ಪ್ರಯೋಗಾಲಯದಲ್ಲಿ ಅದನ್ನು ಅಳೆಯುವ ರೀತಿಯೂ ಬೇರೆ: ನಾಲ್ಕು ಇಂಚು ದಪ್ಪದ ತುಂಡನ್ನು, ಎಂಟು ಇಂಚು ಅಡ್ಡಗಲದ ದುಂಡು ತಟ್ಟೆಯಿಂದ, ಒಂದು ಇಂಚು ಕೆಳಗೆ ಒತ್ತಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. 40 ಡೆನ್ಸಿಟಿಯಲ್ಲೇ ಮಿದುವಾದದ್ದೂ ಉಂಟು, ಗಡಸಾದದ್ದೂ ಉಂಟು. ಹಾಗಾಗಿ ಅಂಗಡಿಯಲ್ಲಿ ಎರಡು ಮಾತು ಹೇಳಬೇಕು: 40 ಡೆನ್ಸಿಟಿ ಬೇಕು, ಅದರಲ್ಲಿ ಹಾರ್ಡು ಬೇಕು. ಡೆನ್ಸಿಟಿಗೆ ಕಂಜೂಸು ಮಾಡಿದರೆ ಮತ್ತೆ ಇಷ್ಟೇ ಕೆಲಸ ಕಾದಿರುತ್ತದೆ.

ಕೊಟ್ಟದ್ದು 40ರದ್ದೇ ಎಂದು ಗೊತ್ತಾಗುವುದು ಹೇಗೆ? ತಕ್ಕಡಿಯಲ್ಲಿಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡು 40 ಡೆನ್ಸಿಟಿಯದಾದರೆ ಸುಮಾರು ಒಂದೂವರೆ ಕಿಲೋ ತೂಗಬೇಕು. 32ರದ್ದಾದರೆ ಒಂದು ಕಿಲೋ ಇನ್ನೂರು ಗ್ರಾಂ. 23ರದ್ದಾದರೆ ಒಂಬೈನೂರು ಗ್ರಾಂ ಕೂಡ ಬರುವುದಿಲ್ಲ. ತರಕಾರಿಯನ್ನು ತೂಗಿಸಿ ಕೊಳ್ಳುವ ನಾವು ಫೋಮನ್ನು ಮಾತ್ರ ಇಂಚುಪಟ್ಟಿಯಲ್ಲಿ ಅಳೆದು ಕೊಳ್ಳುತ್ತೇವೆ. ಕೇಳುಗರಲ್ಲಿ ಯಾರಾದರೂ ಅಂಗಡಿಗೆ ತಕ್ಕಡಿ ಒಯ್ದರೆ ಅಂಗಡಿಯವರು ನನ್ನನ್ನು ಬೈದುಕೊಳ್ಳಬಹುದು, ಬೈದುಕೊಳ್ಳಲಿ.

ನಾಲ್ಕೂ ಇಂಚು ಒಂದೇ ಫೋಮು ಆಗಬೇಕೆಂದಿಲ್ಲ. ಕೆಳಗೆ ಒಂದು ಇಂಚು ರೀಬಾಂಡ್ ಹಾಕಿಸಿ. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳಿರುವ ಹಾಳೆ ಅದು. ಬಹಳ ಗಡಸು, ಆದ್ದರಿಂದ ಒಂಟಿಯಾಗಿ ಕೂರಲು ಬರುವುದಿಲ್ಲ, ಬುಡಕ್ಕೆ ಮಾತ್ರ ಸೊಗಸು. ಅದರ ಮೇಲೆ ಮೂರು ಇಂಚು 40ರ ಫೋಮು. ಹಳೆಯ ಮೆತ್ತೆ ಪೂರ್ತಿ ಕೆಟ್ಟಿಲ್ಲ, ಸ್ವಲ್ಪ ತೆಳ್ಳಗಾಗಿದೆಯಷ್ಟೇ ಎಂದಾದರೆ ಹೊಸ ಫೋಮು ಬೇಕಾಗಿಯೂ ಇಲ್ಲ. ಈ ಒಂದಿಂಚಿನ ರೀಬಾಂಡನ್ನು ಅದರ ಕೆಳಗೆ ಸೇರಿಸಿ, ಮೆತ್ತೆಯನ್ನು ತಿರುವಿ ಹಾಕಿದರೆ ಎರಡು ಮೂರು ವರ್ಷ ತಳ್ಳಬಹುದು. ಬಿಳಿಯ ಪ್ಯಾಕಿಂಗ್ ಹಾಳೆಯನ್ನು ಮಾತ್ರ ಯಾರು ಕೊಟ್ಟರೂ ಬೇಡವೆನ್ನಿ. ಟಿ.ವಿ. ಡಬ್ಬಿಯಲ್ಲಿ ಬರುತ್ತದಲ್ಲ, ಅದು. ಮೊದಲ ವಾರ ಗಟ್ಟಿಯಾಗಿರುತ್ತದೆ, ಆಮೇಲೆ ಚಪ್ಪಟೆಯಾಗಿ ಸುಮ್ಮನೆ ಬಿದ್ದಿರುತ್ತದೆ.

ದುಡ್ಡು ಹಾಕದೆ ತಾತ್ಕಾಲಿಕವಾಗಿ ನಡೆಸಬೇಕೆನ್ನುವವರಿಗೆ ಕೌದಿ ಇದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ಸೀಟಿನ ಅಳತೆಗೆ ನಾಲ್ಕಾಗಿಯೋ ಎಂಟಾಗಿಯೋ ಮಡಿಸಿ ಮೆತ್ತೆಯ ಕೆಳಗೆ ಹಳ್ಳಕ್ಕೆ ಸರಿಯಾಗಿ ಇಟ್ಟರೆ ಸೀಟು ಒಂದು ಇಂಚಾದರೂ ಮೇಲೆ ಬರುತ್ತದೆ. ಮೆತ್ತೆಯ ಮೇಲೆ ದಿಂಬು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ದಿಂಬು ಜಾರುತ್ತದೆ, ಕೌದಿ ಜಾರುವುದಿಲ್ಲ.

ರೀಬಾಂಡ್, ಫೋಮಿನ ಪದರಗಳನ್ನು ಅಂಟಿಸಲು ಮರಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಬೇಡ, ಅದು ಒಣಗಿ ಗಟ್ಟಿಯಾಗಿ ಕೂತಾಗ ಒತ್ತುತ್ತದೆ. ರಬ್ಬರಿನ ಹಳದಿ ಗಮ್ಮು ಬರುತ್ತದೆ, ಕುಶನ್ ಕೆಲಸದವರು ಬಳಸುವುದು ಅದನ್ನೇ. ಎರಡೂ ಮೈಗೆ ತೆಳ್ಳಗೆ ಸವರಿ, ಸುಮಾರು ಹತ್ತು ನಿಮಿಷ ಬಿಟ್ಟು, ಬೆರಳಿಗೆ ಜಿಗುಟಾಗಿ ತಾಕುವಾಗ ಒಂದರ ಮೇಲೊಂದು ಇಟ್ಟು ಒತ್ತಬೇಕು. ಈ ಗಮ್ಮಿನ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಬೇಕು, ದೇವರ ಮನೆಯ ದೀಪವೂ ಹತ್ತಿರ ಉರಿಯುತ್ತಿರಬಾರದು.

ಬೆಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವುಲ್‌ವರ್ತ್ಸ್ ಎಂಬ ದೊಡ್ಡ ಮಳಿಗೆಯ ಪೀಠೋಪಕರಣ ವಿಭಾಗದಲ್ಲಿ ಬೆಂಕಿ ಹತ್ತಿತು. ಅಲ್ಲಿ ಜೋಡಿಸಿಟ್ಟಿದ್ದ ಸೋಫಾಗಳ ಫೋಮು ಉರಿದು, ನಿಮಿಷಗಳಲ್ಲಿ ಮಳಿಗೆಯ ತುಂಬ ದಟ್ಟ ಹೊಗೆ ಕವಿಯಿತು. ಹತ್ತು ಜನ ಸತ್ತರು. ಪಾಲಿಯುರೆಥೇನ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಬ್ರಿಟನ್ನಿನಲ್ಲಿ 1988ರಲ್ಲಿ ಸೋಫಾಗಳಿಗೆ ಬಿಗಿಯಾದ ಅಗ್ನಿಸುರಕ್ಷತೆಯ ನಿಯಮ ಬರಲು ಆ ದುರಂತವೂ ಒಂದು ಕಾರಣ. ನಮ್ಮ ಮನೆಗಳಲ್ಲಿ ಸೋಫಾದ ಕಾಲಬಳಿ ಸೊಳ್ಳೆ ಬತ್ತಿ ಹಚ್ಚಿಡುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಫೋಮು ಕತ್ತರಿಸಲು ಬ್ರೆಡ್ ಕೊಯ್ಯುವ ಉದ್ದನೆಯ ಹಲ್ಲಿನ ಚಾಕು ಸಾಕು. ಒತ್ತಬೇಡಿ, ಗರಗಸದ ಹಾಗೆ ಹಿಂದೆ ಮುಂದೆ ಎಳೆಯಿರಿ. ಕವರಿನ ಅಳತೆಗಿಂತ ಎಲ್ಲ ಕಡೆ ಕಾಲು ಇಂಚು ದೊಡ್ಡದಿರಲಿ. ಕವರು ಬಿಗಿಯಾಗಿ ಹಿಡಿದಷ್ಟೂ ಮೆತ್ತೆ ಗಟ್ಟಿಯಾಗಿ ಕೂರುತ್ತದೆ. ಫೋಮಿನ ಸುತ್ತ ತೆಳ್ಳನೆಯ ಪಾಲಿಯೆಸ್ಟರ್ ಹತ್ತಿಯ ಹಾಳೆ ಸುತ್ತಿದರೆ ಮೂಲೆಗಳೂ ತುಂಬಿಕೊಳ್ಳುತ್ತವೆ. ದೊಡ್ಡ ಫೋಮನ್ನು ಸಣ್ಣ ಕವರಿಗೆ ತೂರಿಸುವಾಗ ಗಂಡಹೆಂಡಿರ ನಡುವೆ ಜಗಳವಾಗುವುದುಂಟು. ಅದಕ್ಕೆ ಕುಶನ್ ಕೆಲಸದವರ ಉಪಾಯ ಹೇಳುತ್ತೇನೆ: ಫೋಮಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ತೂರಿಸಿ, ಬೆಣ್ಣೆಯಂತೆ ಜಾರುತ್ತದೆ. ಆಮೇಲೆ ಚೀಲವನ್ನು ಎಳೆದು ತೆಗೆಯಿರಿ. ರೆಕ್ಸಿನ್ ಕವರಾದರೆ ಅಡಿಭಾಗ ಮಾತ್ರ ಬಟ್ಟೆಯದಿರಬೇಕು, ಕೂತಾಗ ಗಾಳಿ ಹೊರಗೆ ಹೋಗಲು ದಾರಿ ಬೇಕಲ್ಲ.

ಬೆನ್ನಿನ ಕಡೆಯ ದಿಂಬುಗಳಲ್ಲಿ ಹೆಚ್ಚಾಗಿ ಇರುವುದು ಪಾಲಿಯೆಸ್ಟರ್ ಹತ್ತಿ. ಜಿಪ್ಪು ತೆಗೆದು, ಗಂಟುಗಳನ್ನು ಕೈಯಿಂದ ಬಿಡಿಸಿ, ಇನ್ನೊಂದಿಷ್ಟು ತುಂಬಿದರೆ ಮುಗಿಯಿತು. ಗುಂಡಿ ಒತ್ತಿದರೆ ಒರಗುವ ರಿಕ್ಲೈನರ್ ಸೋಫಾದ ಅಡಿಗೆ ಮಾತ್ರ ಕೈ ಹಾಕಬೇಡಿ, ಅದರ ಕಬ್ಬಿಣದ ಕತ್ತರಿಗೆ ಬೆರಳು ಗೊತ್ತಾಗುವುದಿಲ್ಲ.

ಇಷ್ಟು ಮಾಡಿದ ಮೇಲೆ ಮನೆಯಲ್ಲಿ ಮಂಡಿನೋವಿನವರಿದ್ದರೆ ಸೋಫಾದ ನಾಲ್ಕೂ ಕಾಲಿಗೆ, ನಡುವಿನದಕ್ಕೂ, ಎರಡು ಇಂಚಿನ ಮರದ ಗುಟ್ಟ ಕೊಡಿ. ಗುಟ್ಟದ ನಡುವೆ ಕಾಲು ಕೂರುವಷ್ಟು ಕುಳಿ ತೆಗೆಸಿದರೆ ಜಾರುವುದಿಲ್ಲ. ಈಗ ಅಜ್ಜಿಯನ್ನು ಕರೆದು ಕೂರಿಸಿ, ಎದ್ದೇಳಲು ಹೇಳಿ, ನೀವು ಕೈ ಕೊಡದೆ ದೂರ ನಿಂತು ನೋಡಿ. ಆಮೇಲೆ ತಿಂಗಳಿಗೊಮ್ಮೆ ಮೆತ್ತೆಗಳ ಜಾಗ ಬದಲಿಸಿ, ಯಜಮಾನರ ಮೂಲೆಯದು ನಡುವಿಗೆ, ನಡುವಿನದು ಮೂಲೆಗೆ. ಯಜಮಾನರನ್ನೇ ಬದಲಿಸುವುದು ಕಷ್ಟ, ಅದರ ಗೊಡವೆ ಬೇಡ.

ತೆಗೆದ ಹಳೆಯ ಫೋಮನ್ನು ಹಿತ್ತಿಲಲ್ಲಿ ಸುಡಬೇಡಿ, ಅದರ ಹೊಗೆಯಲ್ಲಿ ಏನಿರುತ್ತದೆ ಎಂದು ಆಗಲೇ ಹೇಳಿದೆ. ಪುಡಿಯಾಗದೆ ಉಳಿದಿದ್ದರೆ ನಿಮ್ಮ ಕುಶನ್ ಅಂಗಡಿಯವರನ್ನೋ ಗುಜರಿಯವರನ್ನೋ ಕೇಳಿ. ಅಂಥ ಚೂರುಗಳಿಂದಲೇ ರೀಬಾಂಡ್ ಹಾಳೆ ಆಗುವುದು.